ಎಸ್‌ಕ್ಯೂಎಲ್‌ಆಲ್ಕೆಮಿ: ಕಾಲಂಗೆ ಡಿಫಾಲ್ಟ್ ಕೊಟ್ಟಿದ್ದರೂ ಟೇಬಲ್‌ನಲ್ಲಿ ನಲ್, ಟೈಮೂ ಒಂದೇ

ಮದ್ದೂರು_ಕೋಡ್:
ಮದ್ದೂರು ಕಡೆಯ ಹಾಲಿನ ಡೇರಿಗೆ ಲೆಕ್ಕದ ಸಾಫ್ಟ್‌ವೇರ್. ಪೈಥಾನ್, ಎಸ್‌ಕ್ಯೂಎಲ್‌ಆಲ್ಕೆಮಿ 2.0 (ಪೈಥಾನ್‌ನಿಂದ ಡೇಟಾಬೇಸ್ ಬಳಸುವ ಲೈಬ್ರರಿ), ಪೋಸ್ಟ್‌ಗ್ರೆಸ್ 15 ಡೇಟಾಬೇಸ್. ಮಾಡೆಲ್‌ನಲ್ಲಿ (ಟೇಬಲ್‌ನ ರೂಪ ಹೇಳುವ ಪೈಥಾನ್ ಕ್ಲಾಸ್) ಸ್ಟೇಟಸ್‌ಗೆ ಡಿಫಾಲ್ಟ್ (ಏನೂ ಕೊಡದಿದ್ದಾಗ ತುಂಬುವ ಬೆಲೆ) ‘ಬಾಕಿ’, ಸಮಯಕ್ಕೆ ಡೇಟ್‌ಟೈಮ್.ನೌ(), ಫ್ಯಾಟ್‌ಗೆ 0. ಸ್ಕ್ರೀನ್‌ನಿಂದ ಎಂಟ್ರಿ ಮಾಡಿದರೆ ಸ್ಟೇಟಸ್ ಸರಿಯಾಗಿ ಬರುತ್ತೆ. ಹಾಲು ಅಳೆಯುವ ಮೆಷಿನ್ನಿನ ಸಿಎಸ್‌ವಿ ಫೈಲನ್ನು ಪೋಸ್ಟ್‌ಗ್ರೆಸ್‌ನ ಕಾಪಿ ಕಮ್ಯಾಂಡ್‌ನಲ್ಲಿ ತುಂಬಿದರೆ ನಲ್ (ಬೆಲೆಯೇ ಇಲ್ಲ). ಸ್ಕ್ರೀನ್ ಎಂಟ್ರಿಗಳಲ್ಲೂ ಬೆಳಿಗ್ಗೆ ಹಾಲಿಗೆ, ಸಂಜೆ ಹಾಲಿಗೆ ಒಂದೇ ಟೈಮ್. ಏನು ಬದಲಾಯಿಸಲಿ?

ಮೈಸೂರು_ಡಿಬಿ:
ಡಿಫಾಲ್ಟ್ ಅಂತ ಕೊಟ್ಟಿದ್ದು ಪೈಥಾನ್ ಕಡೆಯದು. ಇನ್ಸರ್ಟ್ ಕಟ್ಟುವಾಗ ಎಸ್‌ಕ್ಯೂಎಲ್‌ಆಲ್ಕೆಮಿಯೇ ಆ ಬೆಲೆ ತುಂಬುತ್ತೆ. ಟೇಬಲ್‌ಗೆ ಅದರ ಸುಳಿವೇ ಇಲ್ಲ. ಕಾಪಿ ನೇರ ಡೇಟಾಬೇಸ್‌ಗೆ ಹೋಗುವುದರಿಂದ ನಲ್ ಬರುತ್ತೆ. ಅದನ್ನು ತೆಗೆದು ಸರ್ವರ್_ಡಿಫಾಲ್ಟ್ ಕೊಡಿ, ಅದು ಟೇಬಲ್‌ನಲ್ಲೇ ಕೂರುವ ಡಿಫಾಲ್ಟ್.

ಟೈಮ್ ಕೆಟ್ಟಿರುವುದು ಡೇಟ್‌ಟೈಮ್.ನೌ ಮುಂದಿನ () ಆವರಣದಿಂದ. ನೌ() ಅಂದರೆ ಫೈಲ್ ಲೋಡ್ ಆದಾಗ ಒಂದೇ ಸಲ ಓಡಿ, ಸರ್ವರ್ ರೀಸ್ಟಾರ್ಟ್ ಆಗುವ ತನಕ ಅದೇ ಟೈಮ್ ಉಳಿಯುತ್ತೆ. ಸರ್ವರ್_ಡಿಫಾಲ್ಟ್‌ಗೆ ಫಂಕ್.ನೌ() ಕೊಡಿ, ಅದು ಡೇಟಾಬೇಸ್‌ನದೇ ನೌ() ಫಂಕ್ಷನ್. ಬರೀ ಸ್ಟ್ರಿಂಗ್ ಆಗಿ ಬರೆದರೆ ಕೋಟ್ಸ್ ಒಳಗೆ ಸೇರಿಬಿಡುತ್ತೆ, ಫಂಕ್ಷನ್ ಆಗಿ ಓಡಲ್ಲ. ಇನ್ನೊಂದು: ಪೋಸ್ಟ್‌ಗ್ರೆಸ್‌ನ ನೌ() ಕೊಡುವುದು ಟ್ರಾನ್ಸಾಕ್ಷನ್ (ಒಂದೇ ಕಮಿಟ್‌ಗೆ ಸೇರುವ ಕೆಲಸ) ಶುರುವಾದ ಟೈಮ್. ಇಡೀ ಹೊತ್ತಿನ ಹಾಲನ್ನು ಒಂದೇ ಕಮಿಟ್‌ನಲ್ಲಿ ಹಾಕಿದರೆ ಮತ್ತೆ ಎಲ್ಲಕ್ಕೂ ಒಂದೇ. ಹಾಲು ಅಳೆದ ಟೈಮೇ ಬೇಕೆಂದರೆ ಮೆಷಿನ್ ಕೊಡುವ ಟೈಮನ್ನೇ ತುಂಬಬೇಕು.

ಸಕ್ಕರೆನಾಡು_ಪೈ:
ಮಾಡೆಲ್ ಬದಲಾಯಿಸಿ ಸುಮ್ಮನಾಗಬೇಡಿ. ಟೇಬಲ್ ಬದಲಾಯಿಸುವ ಮೈಗ್ರೇಶನ್ ಸ್ಕ್ರಿಪ್ಟ್ ಬರೆದುಕೊಡುವ ಅಲೆಂಬಿಕ್‌ನಲ್ಲಿ ಕಂಪೇರ್_ಸರ್ವರ್_ಡಿಫಾಲ್ಟ್ ಅನ್ನು ಟ್ರೂ ಮಾಡದಿದ್ದರೆ ಆಟೋಜನರೇಟ್ ಈ ಬದಲಾವಣೆಯನ್ನು ಹಿಡಿಯಲ್ಲ, ಮೈಗ್ರೇಶನ್ ಖಾಲಿ ಬರುತ್ತೆ. ಟೇಬಲ್‌ಗೆ ಡಿಫಾಲ್ಟ್ ಕೂರಿಸುವ ಸೆಟ್ ಡಿಫಾಲ್ಟ್ ಅನ್ವಯಿಸುವುದು ಮುಂದೆ ಬರುವ ಸಾಲುಗಳಿಗೆ ಮಾತ್ರ. ಹಾಗಾಗಿ ಸ್ಟೇಟಸ್‌ಗೆ ಮೊದಲು ಡಿಫಾಲ್ಟ್, ಆಮೇಲೆ ಹಳೇ ನಲ್‌ಗಳಿಗೆ ಅಪ್‌ಡೇಟ್, ಕೊನೆಗೆ ನಾಟ್ ನಲ್ (ಇನ್ನು ನಲ್ ಬರಬಾರದೆಂಬ ನಿಯಮ). ನಾಟ್ ನಲ್ ಹಾಕುವಾಗ ಟೇಬಲ್ ಲಾಕ್ ಆಗುತ್ತೆ. ಸಂಜೆ ಹಾಲು ಹಾಕಿಸಿಕೊಂಡಾದ ಮೇಲೆ ಓಡಿಸಿ.

ಮದ್ದೂರು_ಕೋಡ್:
ಸರ್ವರ್_ಡಿಫಾಲ್ಟ್ ಬಂತು (ನಾಟ್ ನಲ್ ಇನ್ನೂ ಹಾಕಿಲ್ಲ), ಸ್ಕ್ರೀನ್ ಎಂಟ್ರಿ ಸರಿ ಇದೆ. ಸಿಎಸ್‌ವಿಯಿಂದ ಮಾತ್ರ ಸ್ಟೇಟಸ್ ಇನ್ನೂ ನಲ್. ಫೈಲ್‌ನಲ್ಲಿ ಆ ಕಾಲಂ ಇದೆ, ಖಾಲಿ ಇದೆ.

ಮೈಸೂರು_ಡಿಬಿ:
ಖಾಲಿ ಜಾಗವನ್ನು ಕಾಪಿ ನಲ್ ಎಂದೇ ಓದುತ್ತೆ. ಕೊಟ್ಟ ನಲ್ ಮೇಲೆ ಡಿಫಾಲ್ಟ್ ಕೂರಲ್ಲ. ಫೈಲ್‌ನಿಂದ ಆ ಕಾಲಂ ತೆಗೆದು, ಕಾಪಿಯ ಕಾಲಂ ಪಟ್ಟಿಯಲ್ಲೂ ಬಿಟ್ಟುಬಿಡಿ. ಪೋಸ್ಟ್‌ಗ್ರೆಸ್ 16 ಆದರೆ ಕಾಪಿಗೇ ಡಿಫಾಲ್ಟ್ ಆಪ್ಷನ್ ಇದೆ. ಯಾವ ಗುರುತು ಕಂಡರೆ ಡಿಫಾಲ್ಟ್ ಹಾಕಬೇಕು ಅಂತ ಹೇಳಬಹುದು, ಆದರೆ ಆ ಗುರುತು ಫೈಲ್‌ನಲ್ಲಿರಬೇಕು.

ಸಕ್ಕರೆನಾಡು_ಪೈ:
ಫ್ಯಾಟ್‌ಗೆ 0 ಡಿಫಾಲ್ಟ್ ದಯವಿಟ್ಟು ತೆಗೆಯಿರಿ. ಮೆಷಿನ್ ಓದದೇ ಇದ್ದ ಹಾಲು ಸೊನ್ನೆ ಫ್ಯಾಟ್ ಅಂತ ನಿಂತು, ಹಾಲು ಹಾಕಿದವರ ದುಡ್ಡು ಕಮ್ಮಿಯಾಗುತ್ತೆ, ಯಾರಿಗೂ ಗೊತ್ತಾಗಲ್ಲ. ನಲ್ ಇರಲಿ. ಆದರೆ ನಲ್ ಬಿಟ್ಟರೂ ಮೊತ್ತ ಕೂಡುವ ಸಮ್ ಫಂಕ್ಷನ್ ಆ ಸಾಲನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತೆ. ಅದಕ್ಕೆ ಒಂದು ಚೆಕ್ ಕನ್‌ಸ್ಟ್ರೇಂಟ್ (ಪ್ರತಿ ಸಾಲೂ ಪಾಲಿಸಲೇಬೇಕಾದ ನಿಯಮ) ಹಾಕಿ: ಸ್ಟೇಟಸ್ ‘ಬಾಕಿ’ ಆಗಿರಬೇಕು, ಇಲ್ಲವೇ ಫ್ಯಾಟ್ ಇರಬೇಕು. ಬಿಲ್ ಮಾಡುವ ಮೊದಲು ಬಾಕಿ ಸಾಲುಗಳ ಪಟ್ಟಿ ತೆಗೆದು ಸೆಕ್ರೆಟರಿ ಕೈಗೆ ಕೊಡಿ.