ಹಳೇ ಡಿಡಿಆರ್ ಬೂಸ್ಟರ್ ಟೆಸ್ಟ್ ಮಾಡೋದು ಹೇಗೆ?

ಪ್ರಶ್ನೆ: ಖಾಲಿ ರ‍್ಯಾಮ್ ಸ್ಲಾಟ್‌ಗೆ ಹಾಕೋ, ಮೆಮೊರಿ ವೋಲ್ಟೇಜ್ ಏರಿಸೋ ಓಸಿಝಡ್ ಕಂಪನಿ ಡಿಡಿಆರ್ ಬೂಸ್ಟರ್ ಸೆಕೆಂಡ್‌ಹ್ಯಾಂಡ್ ಸಿಕ್ತು. ನನ್ನ ವಿನ್‌ಬಾಂಡ್ ಬಿಎಚ್-5 ಚಿಪ್ ಇರೋ ರ‍್ಯಾಮ್ ಸ್ಟಿಕ್‌ಗಳಿಗೆ ಬೋರ್ಡು 2.8 ವೋಲ್ಟ್ ಮೇಲೆ ಕೊಡಲ್ಲ, 3.2ರ ತನಕ ಏರಿಸ್ಬೇಕು. ಬೂಸ್ಟರ್ ಮೇಲಿರೋ ಡಿಸ್‌ಪ್ಲೇ ನಂಬಬಹುದಾ?

ಉತ್ತರ: ಮಲ್ಟಿಮೀಟರ್ ಇಟ್ಟು ನೋಡ್ಬಿಡಿ ಸಾರ್, ಅದೇ ಸರಿ. ಬೂಸ್ಟರ್‌ನ ವೋಲ್ಟೇಜ್ ಸ್ಕ್ರೂನ ಕೂದಲೆಳೆಯಷ್ಟೇ ತಿರುಗಿಸಿ, 0.1 ಏರಿದಾಗೆಲ್ಲ ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ಸಾಫ್ಟ್‌ವೇರ್ ಓಡಿಸಿ, ಬೋರ್ಡಿನ ಮಾಸ್‌ಫೆಟ್ (ವೋಲ್ಟೇಜ್ ಕಂಟ್ರೋಲ್ ಮಾಡೋ ಬಿಡಿಭಾಗ) ಹತ್ರ ಬೆರಳು ಇಡಕ್ಕಾಗದಷ್ಟು ಬಿಸಿ ಇದ್ರೆ ಅಲ್ಲಿಗೇ ನಿಲ್ಸಿ.

ಇನ್ನೊಂದು ಉತ್ತರ: ಡಿಡಿಆರ್400 ರ‍್ಯಾಮ್‌ಗೆ ಮಾಮೂಲಿ ವೋಲ್ಟೇಜೇ 2.6, ಬಿಎಚ್-5 ಜಾಸ್ತಿ ತಡ್ಕೊಳ್ಳುತ್ತೆ ಅಂತ ಬೇರೆ ಚಿಪ್‌ಗೆ ಇದನ್ನ ಮಾಡ್ಬೇಡಿ. ಅಥ್ಲಾನ್ 64 ಆದ್ರೆ ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗೇ ಇರೋದು, ಇನ್ನೂ ಹುಷಾರು.

ಪ್ರಶ್ನೆ ಕೇಳಿದವರು: ಪೆಂಟಿಯಮ್ 4 ನಂದು. ಮೀಟರ್‌ನಲ್ಲಿ 3.1 ಬಂತು, ಮೆಮ್‌ಟೆಸ್ಟ್‌ನ ಐದನೇ ಟೆಸ್ಟಲ್ಲಿ ಬರ್ತಿದ್ದ ಎರರ್ ಹೋಯ್ತು, ಸ್ಟಿಕ್‌ಗಳ ಮೇಲೆ ಫ್ಯಾನ್ ಕಟ್ಟಿದೀನಿ. ತುಂಬಾ ಥ್ಯಾಂಕ್ಸ್!