ಹಳೆಯ ವಾಲ್ವ್ ಗಿಟಾರ್ ಆಂಪ್: ಎಂತ ಬದಲಿಸಬೇಕು, ಎಂತ ಮುಟ್ಟಬಾರದು?

ಪ್ರಶ್ನೆ (ಕುಲಶೇಖರ, ಮಂಗಳೂರು):
ಸರ್, ನಮಸ್ಕಾರ. ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಮಾವ ಅಮೆರಿಕದಿಂದ ತಂದಿದ್ದ ಫೆಂಡರ್ ಚಾಂಪ್ ಆಂಪ್ ಈಗ ನನ್ನ ಹತ್ತಿರ ಉಂಟು. 1970ರ ದಶಕದ್ದು. ವಾಲ್ವ್ (ಗಾಜಿನ ಎಲೆಕ್ಟ್ರಾನ್ ಕೊಳವೆ) ಮೂರು: ಗಿಟಾರಿನ ಸಣ್ಣ ಸಿಗ್ನಲ್ ಹಿಗ್ಗಿಸುವ 12ಎಎಕ್ಸ್7, ಸ್ಪೀಕರಿಗೆ ಪವರ್ ಕೊಡುವ 6ವಿ6, ಎಸಿಯನ್ನು ಡಿಸಿ ಮಾಡುವ 5ವೈ3. 8 ಇಂಚಿನ ಸ್ಪೀಕರ್. ನಾನು ಚರ್ಚಿನ ಕ್ವಾಯರಿನಲ್ಲಿ, ಮದುವೆಗೆ ಮುಂಚಿನ ರೋಸ್ ಕಾರ್ಯಕ್ರಮಗಳ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತೇನೆ. ಆನ್ ಮಾಡಿದರೆ ಜೋರಾಗಿ ಹಮ್ (ಗುಂಯ್ ಎಂಬ ಶಬ್ದ) ಬರುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ಚರಚರ ಶಬ್ದವೂ ಸೇರುತ್ತದೆ. ದಪ್ಪ ತಂತಿಗಳ ಸ್ವರ ಕಲಸಿಹೋಗುತ್ತದೆ, ಸೋಲೋ ಬಾರಿಸುವಾಗ ಮಿಡ್ ಸಾಕಾಗುವುದಿಲ್ಲ. ಒಂದು ಹಂತದಿಂದ ಇನ್ನೊಂದಕ್ಕೆ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರುಗಳನ್ನೆಲ್ಲ ತೆಗೆದು ದುಬಾರಿಯದ್ದು ಹಾಕು ಎಂದು ಗೆಳೆಯರು ಹೇಳುತ್ತಾರೆ. 230ರಿಂದ 120 ವೋಲ್ಟಿಗೆ ಇಳಿಸುವ ಸ್ಟೆಪ್‌ಡೌನ್ ಇಟ್ಟುಕೊಂಡಿದ್ದೇನೆ. ಒಂದು ಗಂಟೆ ಬಾರಿಸಿದರೆ ಆಂಪಿನ ಟ್ರಾನ್ಸ್‌ಫಾರ್ಮರ್ ಮೇಲೆ ಕೈ ಇಡಲಿಕ್ಕಾಗುವುದಿಲ್ಲ. ಸೋಲ್ಡರಿಂಗ್ ಗೊತ್ತುಂಟು, ಮಲ್ಟಿಮೀಟರ್ ಉಂಟು. ಎಲ್ಲಿಂದ ಶುರು ಮಾಡಲಿ?

ಉತ್ತರ (ವಾಲ್ವ್ ರೇಡಿಯೋ, ಆಂಪ್ಲಿಫೈಯರ್ ರಿಪೇರಿ, ಉಡುಪಿ):
ಕಪ್ಲಿಂಗ್ ಕೆಪಾಸಿಟರ್ ಆಮೇಲೆ ನೋಡುವ. ನೀವು ಕೊನೆಯಲ್ಲಿ ಬರೆದ ಬಿಸಿಯ ವಿಷಯ ಎಲ್ಲಕ್ಕಿಂತ ಮೊದಲು. ಆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದರೆ ಮತ್ತೆ ಸ್ವರದ ಮಾತೇ ಇಲ್ಲ.

ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಮುಟ್ಟುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಮೇಲೆ ಬೀಳುವ ಕಾಂತೀಯ ಹೊರೆ, ವೋಲ್ಟೇಜನ್ನು ಹರ್ಟ್ಸಿನಿಂದ ಭಾಗಿಸಿದ ಲೆಕ್ಕದಲ್ಲಿ ಏರುತ್ತದೆ. ಅವರ ಊರಿನಲ್ಲಿ 120ನ್ನು 60ರಿಂದ ಭಾಗಿಸಿದರೆ 2. ನಿಮ್ಮ ಮನೆಯಲ್ಲಿ 120ನ್ನು 50ರಿಂದ ಭಾಗಿಸಿದರೆ 2.4. ರಾತ್ರಿ ಲೈನಿನಲ್ಲಿ 242 ಬಂದರೆ ಸ್ಟೆಪ್‌ಡೌನಿನಿಂದ 126 ಹೊರಡುತ್ತದೆ, ಆಗ 2.5 ದಾಟಿತು. ಬಿಸಿಯಾಗದೆ ಇನ್ನೇನು ಮಾಡೀತು? 110 ವೋಲ್ಟಿನ ಸ್ಟೆಪ್‌ಡೌನ್ ತನ್ನಿ. ಲೈನಿನಲ್ಲಿ ಸರಿಯಾಗಿ 230 ಇದ್ದಾಗ ಲೆಕ್ಕ 2.2ಕ್ಕೆ ಇಳಿಯುತ್ತದೆ. ಇನ್ನೂ ಇಳಿಸಿ 100 ಮಾಡಿದರೆ ಕಬ್ಬಿಣಕ್ಕೆ ಒಳ್ಳೆಯದೇ, ಆದರೆ ವಾಲ್ವುಗಳನ್ನು ಒಳಗಿನಿಂದ ಕಾಯಿಸುವ ಹೀಟರಿಗೆ ಸಾಲದು. 12ಎಎಕ್ಸ್7, 6ವಿ6ರ ಹೀಟರಿಗೆ ಬೇಕಾದ್ದು 6.3 ವೋಲ್ಟ್ ಎಸಿ, 5.7ಕ್ಕಿಂತ ಕೆಳಗೆ, 6.9ಕ್ಕಿಂತ ಮೇಲೆ ಹೋಗಬಾರದು. ಹಾಗಾಗಿ ಸ್ಟೆಪ್‌ಡೌನಿನ ಮೇಲೆ ಬರೆದದ್ದನ್ನು ನಂಬುವ ಬದಲು ಹೀಟರ್ ವೋಲ್ಟೇಜ್ ಅಳೆದು ನೋಡಿ.

ತರುವಾಗ ಕಬ್ಬಿಣದ ಕೋರ್ ಇರುವ, ಕನಿಷ್ಠ 150 ವಿಎ ಶಕ್ತಿಯದ್ದನ್ನೇ ತನ್ನಿ. ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರಿಗೆಂದು ಮಾರುವ ಹಗುರ ಎಲೆಕ್ಟ್ರಾನಿಕ್ ಕನ್ವರ್ಟರ್ ಖಂಡಿತ ಬೇಡ. ಇನ್ನೊಂದು, ಹೆಚ್ಚಿನ ಸ್ಟೆಪ್‌ಡೌನುಗಳ ಔಟ್‌ಪುಟ್ ಸಾಕೆಟ್ಟಿಗೆ ಅರ್ತ್ ಇರುವುದಿಲ್ಲ. ಗೋಡೆಯ ಅರ್ತ್ ಆಂಪಿನ ಚಾಸಿಯವರೆಗೆ (ಒಳಗಿನ ಲೋಹದ ಚೌಕಟ್ಟು) ಬರಲೇಬೇಕು. ಆ ಕಾಲದ ಅಮೆರಿಕದ ಆಂಪುಗಳಲ್ಲಿ ಮೈನ್ಸಿನಿಂದ ಚಾಸಿಗೆ ಒಂದು ಕೆಪಾಸಿಟರ್ ಇರಬಹುದು. ಅದು ಶಾರ್ಟ್ ಆದರೆ ಗಿಟಾರಿನ ತಂತಿಗೇ ಕರೆಂಟು ಬಂತು. ಇದ್ದರೆ ಕತ್ತರಿಸಿ ತೆಗೆಯಿರಿ, ಮೂರು ಪಿನ್ನಿನ ವಯರ್ ಹಾಕಿ. ಕೈಯಲ್ಲಿ ಗಿಟಾರ್ ಹಿಡಿದು ತುಟಿ ಮೈಕಿಗೆ ತಾಗಿಸಿ ಹಾಡುವವರು ನೀವು. ಇದನ್ನು ನಾಳೆಗೆ ಇಡಬೇಡಿ.

ಒಳಗೆ ಕೈ ಹಾಕುವ ಮುಂಚೆ: ಪ್ಲಗ್ ಕಿತ್ತ ಮೇಲೂ, ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರಿನಲ್ಲಿ 300, 400 ವೋಲ್ಟ್ ಡಿಸಿ ಉಳಿದಿರಬಹುದು. 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಷನ್ ಇರುವ ಕ್ಲಿಪ್ಪಿನಲ್ಲಿ ಆ ಕೆಪಾಸಿಟರಿನಿಂದ ಚಾಸಿಗೆ ಕಟ್ಟಿ ಡಿಸ್ಚಾರ್ಜ್ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿಯೇ ಮುಟ್ಟಿ. ಎಲೆಕ್ಟ್ರಿಷಿಯನ್‌ಗಳು ಇಟ್ಟುಕೊಳ್ಳುವ ಸೀರೀಸ್ ಬೋರ್ಡ್ ಒಂದು ಮಾಡಿಕೊಳ್ಳಿ, 60 ವ್ಯಾಟಿನ ತಂತಿ ಬಲ್ಬು ಹಾಕಿ; ಎಲ್‌ಇಡಿ ಆಗುವುದಿಲ್ಲ. ರಿಪೇರಿಯ ನಂತರ ಮೊದಲ ಸಲ ಅದರ ಮೂಲಕವೇ ಆನ್ ಮಾಡಿ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ, ಪೂರ್ತಿ ಬೆಳಕಿನಲ್ಲೇ ನಿಂತರೆ ಒಳಗೆ ಶಾರ್ಟ್ ಉಂಟು. ಸ್ಪೀಕರ್ ಕಳಚಿಟ್ಟು ಯಾವತ್ತೂ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಈಗ ಹಮ್. ನಿಮಗೆ ಸ್ವರಜ್ಞಾನ ಇರುವುದರಿಂದ ಮೀಟರೇ ಬೇಡ. ಆರನೇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 98 ಹರ್ಟ್ಸ್. ವಾಲ್ಯೂಮ್ ಸೊನ್ನೆಗೆ ಇಟ್ಟು ಕೇಳಿ. ಹಮ್ ಆ ಜಿ ಸ್ವರಕ್ಕಿಂತ ಒಂದು ಚೂರು ಮೇಲಿದ್ದರೆ ಅದು 100 ಹರ್ಟ್ಸ್, ಅಂದರೆ ಫಿಲ್ಟರ್ ಕೆಪಾಸಿಟರುಗಳು ಒಣಗಿವೆ. ಒಂದು ಆಕ್ಟೇವ್ ಕೆಳಗಿದ್ದರೆ 50 ಹರ್ಟ್ಸ್. ಹೀಟರ್ ವಯರಿಂಗ್ ಅಥವಾ ಅರ್ತ್ ಹುಡುಕಬೇಕು. ಚಾಂಪಿನಲ್ಲಿ ಔಟ್‌ಪುಟ್ ವಾಲ್ವ್ ಒಂದೇ. ಎರಡು ವಾಲ್ವಿನ ಪುಶ್‌ಪುಲ್ ಆಂಪಿನಲ್ಲಿ ಸಪ್ಲೈ ಹಮ್ ಬಹುಮಟ್ಟಿಗೆ ಪರಸ್ಪರ ರದ್ದಾಗುತ್ತದೆ, ಇಲ್ಲಿ ಆ ಅನುಕೂಲ ಇಲ್ಲ. ಫಿಲ್ಟರಿಗೆ ಹಾಕಿದ ಈ ಐವತ್ತು ವರ್ಷದ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನು ಹೇಗೂ ಬದಲಿಸಲೇಬೇಕು. 20 ಮೈಕ್ರೋಫ್ಯಾರಡ್ ಇದ್ದಲ್ಲಿ 22 ಹಾಕಿ, 500 ವೋಲ್ಟಿನದ್ದು. 5ವೈ3 ಬೇಗ ಕಾಯುತ್ತದೆ, 6ವಿ6 ಕಾಯುವ ತನಕ ಸಪ್ಲೈ ವೋಲ್ಟೇಜ್ ಮೇಲೆ ನಿಂತಿರುತ್ತದೆ, ಅದಕ್ಕೆ 500. ದೊಡ್ಡದು ಒಳ್ಳೆಯದು ಎಂದು ರೆಕ್ಟಿಫೈಯರ್ (5ವೈ3) ಪಕ್ಕದ ಮೊದಲ ಕೆಪಾಸಿಟರನ್ನು 100 ಮಾಡಿದರೆ 5ವೈ3ಗೆ ಪೆಟ್ಟು. ಬೇಸ್ ಕಲಸುವುದು ಕೂಡ ಇದರಿಂದಲೇ ಅರ್ಧ ಸರಿಯಾದೀತು.

ಮಳೆಗಾಲದ ಚರಚರ ನಮ್ಮ ಕರಾವಳಿಗೆ ಅಂಟಿದ್ದು. ಬಿಡಿಭಾಗಗಳನ್ನು ಕೂರಿಸಿದ ಆ ಕಪ್ಪು ಫೈಬರ್ ಬೋರ್ಡು ಕಾಗದದ ಜಾತಿಯದ್ದು, ತೇವ ಹೀರುತ್ತದೆ. ತೇವಕ್ಕೆ ಉಪ್ಪು ಗಾಳಿ, ಧೂಳು ಸೇರಿದರೆ ಬೋರ್ಡೇ ಸಣ್ಣಗೆ ಕರೆಂಟು ಹಾಯಿಸಲು ಶುರು. ಪರೀಕ್ಷೆ ಹೀಗೆ: ಆಂಪ್ ಆನ್ ಇರುವಾಗ ಮೀಟರಿನ ಕಪ್ಪು ತುದಿಯನ್ನು ಚಾಸಿಗೆ ಕ್ಲಿಪ್ ಮಾಡಿ, ಒಂದು ಕೈ ಜೇಬಿನಲ್ಲಿಟ್ಟು, ಕೆಂಪು ತುದಿಯಿಂದ ಬೋರ್ಡಿನ ಖಾಲಿ ಜಾಗ ಮುಟ್ಟಿ ನೋಡಿ. ಅಲ್ಲಿ ವೋಲ್ಟುಗಟ್ಟಲೆ ಡಿಸಿ ಕಂಡರೆ ಬೋರ್ಡ್ ಲೀಕ್. ಜತೆಗೆ 12ಎಎಕ್ಸ್7ರ ಎರಡು 100 ಕಿಲೋ ಓಮ್ ಪ್ಲೇಟ್ ರೆಸಿಸ್ಟರುಗಳನ್ನೂ ಅಳೆಯಿರಿ. ಹಳೆಯ ಕಾರ್ಬನ್ ರೆಸಿಸ್ಟರಿನ ಓಮ್ ತೇವದಿಂದ ಏರುತ್ತದೆ, ಚರಚರವೂ ಅದರಿಂದಲೇ ಬರಬಹುದು. ಅವೆರಡನ್ನು ಮೆಟಲ್ ಫಿಲ್ಮ್ ಮಾಡಿ. ಪಾಟ್‌ಗಳಿಗೆ (ತಿರುಗಿಸುವ ಕಂಟ್ರೋಲುಗಳು), ವಾಲ್ವ್ ಸಾಕೆಟ್ಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಹೀಟರ್, ಪ್ಲೇಟ್, ಕ್ಯಾಥೋಡ್ ವೋಲ್ಟೇಜ್ ಅಳೆದು ಬರೆಯಿರಿ. 6ವಿ6ರಲ್ಲಿ ಎಲೆಕ್ಟ್ರಾನ್ ಬಂದು ಸೇರುವ ಪ್ಲೇಟ್ 3ನೇ ಪಿನ್, ಸಿಗ್ನಲ್ ಬರುವ ಗ್ರಿಡ್ 5, ಎಲೆಕ್ಟ್ರಾನ್ ಹೊರಡುವ ಕ್ಯಾಥೋಡ್ 8.

ಪ್ರಶ್ನೆ (ಮಣಿಪಾಲ):
ನಡುವೆ ಬಂದದ್ದಕ್ಕೆ ಕ್ಷಮಿಸಿ ಸರ್. ನನ್ನ ಹತ್ತಿರವೂ ಇದೇ ಆಂಪ್ ಉಂಟು. 6ವಿ6 ತೆಗೆದು 6ಎಲ್6 ಹಾಕಿದರೆ ಪವರ್ ಹೆಚ್ಚಾಗುತ್ತದಾ? ಸಾಕೆಟ್ ಒಂದೇ ಅಲ್ವಾ?

ಉತ್ತರ:
ಸಾಕೆಟ್ ಒಂದೇ, ಹಸಿವು ಬೇರೆ. 6ವಿ6ರ ಹೀಟರ್ 0.45 ಆಂಪಿಯರ್ ಎಳೆದರೆ 6ಎಲ್6 ಅದರ ಎರಡು ಪಟ್ಟು, 0.9 ಎಳೆಯುತ್ತದೆ. ನಮ್ಮ 50 ಹರ್ಟ್ಸಿನಲ್ಲಿ ಮೊದಲೇ ಬೇಯುತ್ತಿರುವ ಟ್ರಾನ್ಸ್‌ಫಾರ್ಮರಿಗೆ ಇದು ಬೇಡವೇ ಬೇಡ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಚಿಕ್ಕದು, ಸಿಗುವ ಲಾಭ ಇಲ್ಲ.

ಪ್ರಶ್ನೆ (ಕುಲಶೇಖರ):
ಸರ್, ಅಳೆದೆ. ಹಳೆಯ ಸ್ಟೆಪ್‌ಡೌನಿನಲ್ಲಿ, ರಾತ್ರಿ: ಹೀಟರ್ 6.6, ಪ್ಲೇಟ್ 361, ಕ್ಯಾಥೋಡ್ 21. ಕ್ಯಾಥೋಡ್ ರೆಸಿಸ್ಟರ್ 470 ಓಮ್ ಸರಿಯಾಗಿ ಉಂಟು. ಗ್ರಿಡ್‌ನಲ್ಲಿ ಸೊನ್ನೆ. ಹಮ್ ನೀವು ಹೇಳಿದ ಜಿ ಹತ್ತಿರದ್ದೇ. ಬೋರ್ಡಿನಲ್ಲಿ ಒಂದು ಕಡೆ 3 ವೋಲ್ಟ್ ತೋರಿಸಿತು.

ಉತ್ತರ:
ಚಂದ ಅಳೆದಿದ್ದೀರಿ. ಗ್ರಿಡ್ ಸೊನ್ನೆ ಅಂದರೆ 0.02 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಲೀಕ್ ಇಲ್ಲ. ಅದನ್ನು ಬಿಟ್ಟುಬಿಡಿ. ಅಲ್ಲಿ ಸ್ವರವನ್ನು ತೀರ್ಮಾನಿಸುವುದು ಬೆಲೆಚೀಟಿ ಅಲ್ಲ, ಎಷ್ಟು ಮೈಕ್ರೋಫ್ಯಾರಡ್ ಎಂಬುದು.

21ನ್ನು 470ರಿಂದ ಭಾಗಿಸಿದರೆ ಸುಮಾರು 45 ಮಿಲಿಆಂಪಿಯರ್. ಸ್ಕ್ರೀನ್ ಎಂಬ ಇನ್ನೊಂದು ಗ್ರಿಡ್ಡಿನ ಪಾಲು 2, 3 ಕಳೆಯಿರಿ, 42. ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 340 ವೋಲ್ಟ್. ಗುಣಿಸಿದರೆ 14 ವ್ಯಾಟ್ ಮೀರಿತು, 6ವಿ6ಜಿಟಿಯ ಗರಿಷ್ಠ ಮಿತಿಯೇ 14. ಸ್ಟೆಪ್‌ಡೌನ್ ಬದಲಿಸಿ ಮತ್ತೆ ಅಳೆಯಿರಿ, ಇಳಿದೀತು. ಇಳಿಯದಿದ್ದರೆ 470ರ ಜಾಗಕ್ಕೆ 560 ಓಮ್, 5 ವ್ಯಾಟ್ ಹಾಕಿ. ಇರುವ 1 ವ್ಯಾಟ್ ರೆಸಿಸ್ಟರ್ ಅಂಚಿನಲ್ಲೇ ಬದುಕುತ್ತಿದೆ.

3 ವೋಲ್ಟ್ ಕಂಡ ಜಾಗಕ್ಕೆ ಹೇರ್ ಡ್ರೈಯರ್ ಹಿಡಿದು ಚೆನ್ನಾಗಿ ಒಣಗಿಸಿ. ಆಮೇಲೂ ಉಳಿದರೆ ಗ್ರಿಡ್ಡಿಗೆ ಹೋಗುವ ಜಾಯಿಂಟನ್ನು ಬೋರ್ಡಿನಿಂದ ಎತ್ತಿ ಗಾಳಿಯಲ್ಲೇ ಸೋಲ್ಡರ್ ಮಾಡಿ. ಮಳೆಗಾಲದಲ್ಲಿ ಆಂಪನ್ನು ಪ್ಲಾಸ್ಟಿಕ್ ಸುತ್ತಿ ಇಡಬೇಡಿ, ತೇವ ಒಳಗೇ ಉಳಿಯುತ್ತದೆ. ವಾರಕ್ಕೆ ಒಂದೆರಡು ಸಲ ಆನ್ ಮಾಡಿ ಬಾರಿಸಿದರೆ ವಾಲ್ವಿನ ಬಿಸಿಯೇ ಒಣಗಿಸುತ್ತದೆ.

ಇಷ್ಟಾದ ಮೇಲೆ ಮಾಡಿಫಿಕೇಶನ್. ನನ್ನ ಕಿವಿಗೆ ಅತಿ ದೊಡ್ಡ ವ್ಯತ್ಯಾಸ ಸ್ಪೀಕರಿನದ್ದು. 8 ಇಂಚಿನದ್ದನ್ನು ಹಾಗೇ ಇಟ್ಟು, 4 ಓಮಿನ 12 ಇಂಚಿನ ಗಿಟಾರ್ ಸ್ಪೀಕರಿಗೆ ಪ್ರತ್ಯೇಕ ಪೆಟ್ಟಿಗೆ ಮಾಡಿಸಿ. ಸೆನ್ಸಿಟಿವಿಟಿ 3 ಡೆಸಿಬಲ್ ಹೆಚ್ಚಿರುವ ಸ್ಪೀಕರ್ ಎಂದರೆ ಪವರ್ ಎರಡು ಪಟ್ಟು ಆದ ಹಾಗೆ. ಐದಾರು ವ್ಯಾಟಿನ ಆಂಪಿಗೆ ಅದು ಸಣ್ಣ ಮಾತಲ್ಲ. ನಮ್ಮ ಆಚಾರಿಗಳಿಗೆ 18 ಎಂಎಂ ಮರೈನ್ ಪ್ಲೈ ಕೊಟ್ಟರೆ ಚೊಕ್ಕ ಮಾಡಿ ಕೊಡುತ್ತಾರೆ. ಹಲಸಿನ ಹಲಗೆ ಬೇಡ, ಹೊರುವವರು ನೀವೇ.

ಮಿಡ್‌ಗೆ: ಟೋನ್ ಕಂಟ್ರೋಲಿನಿಂದ ಅರ್ತ್‌ಗೆ ಹೋಗುವ 15 ಕಿಲೋ ಓಮ್ ರೆಸಿಸ್ಟರ್ ಉಂಟು. ಅದರ ಜಾಗಕ್ಕೆ 25 ಕಿಲೋ ಓಮ್ ಪಾಟ್ ಹಾಕಿದರೆ ಮಿಡ್ ನಿಮ್ಮ ಕೈಗೆ ಬಂತು. ಬೇಸ್ ಇನ್ನೂ ಕಲಸಿದರೆ ಮೊದಲ ಹಂತದ ಕ್ಯಾಥೋಡಿನ 25 ಮೈಕ್ರೋಫ್ಯಾರಡನ್ನು 1 ಮೈಕ್ರೋಫ್ಯಾರಡ್ ಮಾಡಿ. ಸ್ವರ ಬೇಗ ಒಡೆಯಬೇಕೆಂದರೆ (ಡಿಸ್ಟಾರ್ಷನ್) ಸ್ಪೀಕರಿನಿಂದ ಹಿಂದೆ ಬರುವ 2.7 ಕಿಲೋ ಓಮ್ ಫೀಡ್‌ಬ್ಯಾಕಿಗೆ ಒಂದು ಸ್ವಿಚ್ಚು. ಕ್ವಾಯರಿಗೆ ಫೀಡ್‌ಬ್ಯಾಕ್ ಇರಲಿ, ಬ್ಯಾಂಡಿಗೆ ತೆಗೆಯಿರಿ. ಚಾಸಿಗೆ ಹೊಸ ತೂತು ಕೊರೆಯಬೇಡಿ. ಎರಡನೇ ಇನ್‌ಪುಟ್ ಜ್ಯಾಕ್ ಬಳಸದಿದ್ದರೆ ಸ್ವಿಚ್ಚು ಅಲ್ಲಿ ಕೂರುತ್ತದೆ. ತೆಗೆದ ಒಂದೊಂದು ಭಾಗವನ್ನೂ ಚೀಟಿ ಬರೆದು ಡಬ್ಬಿಯಲ್ಲಿ ಇಡಿ.

ಪ್ರಶ್ನೆ (ಕಾಪು):
ಸರ್, 12ಎಎಕ್ಸ್7 ಕೇಳಿದರೆ ಅಂಗಡಿಯವರು ಇಸಿಸಿ83 ಎಂದು ಬರೆದದ್ದು ಕೊಡುತ್ತಾರೆ. ಆಗುತ್ತದಾ?

ಉತ್ತರ:
ಆಗುತ್ತದೆ, ಎರಡೂ ಒಂದೇ. ಒಂದು ಅಮೆರಿಕದ ಹೆಸರು, ಇನ್ನೊಂದು ಯುರೋಪಿನದ್ದು. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಹಿಂದೆ ರೇಡಿಯೋ ವಾಲ್ವ್ ತಯಾರಿಸುತ್ತಿತ್ತು. ಹಳೆಯ ರೇಡಿಯೋ ಅಂಗಡಿಗಳಲ್ಲಿ ಅವರ ವಾಲ್ವ್ ಸಿಕ್ಕಿದರೆ ಬಿಡಬೇಡಿ, ಆದರೆ ಕೊಳ್ಳುವ ಮೊದಲು ಗಾಜಿನ ಒಳಗಿನ ಬೆಳ್ಳಿ ಲೇಪ ನೋಡಿ. ಅದು ಹಾಲಿನಂತೆ ಬಿಳಿಯಾಗಿದ್ದರೆ ಒಳಗೆ ಗಾಳಿ ಹೋಗಿದೆ, ಆ ವಾಲ್ವ್ ಕೆಲಸಕ್ಕೆ ಬಾರದು.