ಅಮ್ಮಂಗೆ ಮೋಷನ್ ಸರಿಯಾಗಿ ಆಗ್ತಿಲ್ಲ, ಐರನ್ ಮಾತ್ರೆಯಿಂದಾನಾ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ಮುಜುಗರದ ವಿಷ್ಯ ಆದ್ರೂ ಕೇಳ್ಲೇಬೇಕು. ಅಮ್ಮಂಗೆ ರಕ್ತ ಕಮ್ಮಿ ಅಂತ ಡಾಕ್ಟ್ರು ಐರನ್ ಮಾತ್ರೆ ಬರ್ಕೊಟ್ಟಿದ್ದಾರೆ, ಅದು ಶುರುವಾದ್ಮೇಲೆ ಮೋಷನ್ನೇ ಸರಿ ಇಲ್ಲ, ಆಗೋದೂ ಆಡಿನ ಹಿಕ್ಕೆ ಥರ ಗಟ್ಟಿ ಗಟ್ಟಿ, ಬಾತ್‌ರೂಮಲ್ಲಿ ಅರ್ಧ ಗಂಟೆ ಮುಕ್ಕರಿದು ಬೆವೆತ್ಕೊಂಡು ಹೊರಗೆ ಬರ್ತಾರೆ, ಕೇಳಿದ್ರೆ "ಏನಿಲ್ಲ ಬಿಡು" ಅಂತಾರೆ.

ಮಾತ್ರೆ ಒಂದೇ ಕಾರಣ ಅಂತಾನೂ ಹೇಳಕ್ಕಾಗಲ್ಲ. ಸೊಂಟನೋವು ಅಂತ ಓಡಾಟ ನಿಂತಿದೆ, ರಾತ್ರಿ ಎದ್ದೇಳ್ಬೇಕಾಗತ್ತೆ ಅಂತ ನೀರು ಕುಡಿಯೋದೇ ಕಮ್ಮಿ, ಬಂದಾಗ ತಡ್ಕೊಳ್ಳೋ ಅಭ್ಯಾಸ ಬೇರೆ (ತಡೆದಷ್ಟೂ ಕರುಳು ನೀರು ಹೀರ್ಕೊಂಡು ಇನ್ನೂ ಗಟ್ಟಿ ಆಗತ್ತೆ, ಹೇಳಿದ್ರೆ ಕೇಳಲ್ಲ). ಈಗ ಬೆಳಿಗ್ಗೆ ತಿಂಡಿ ಆದ ತಕ್ಷಣ ಹೋಗಿ ಕೂರೋಕೆ ಹೇಳ್ತೀವಿ, ಕಮೋಡ್ ಮುಂದೆ ಕಾಲಿಡೋಕೆ ಒಂದು ಸಣ್ಣ ಸ್ಟೂಲ್ ಹಾಕಿದೀವಿ, ಮಂಡಿ ಸೊಂಟಕ್ಕಿಂತ ಮೇಲೆ ಬಂದ್ರೆ ಅಷ್ಟು ಮುಕ್ಕರಬೇಕಾಗಲ್ಲ, ಅದ್ರಿಂದ ಸ್ವಲ್ಪ ಪರವಾಗಿಲ್ಲ.

ಐರನ್ ಮಾತ್ರೆ ಅಥ್ವಾ ಡೋಸ್ ಬದಲಾಯಿಸಿದ್ಮೇಲೆ ಯಾರಿಗಾದ್ರೂ ಸರಿಹೋಯ್ತಾ? ಇಸಬ್‌ಗೋಲ್ (ನೀರು ಹೀರಿ ಉಬ್ಬೋ ನಾರಿನ ಪುಡಿ) ಕೊಡೋಣ ಅಂದ್ರೆ ನೀರೇ ಕುಡಿಯದವ್ರಿಗೆ ಅದು ಒಳಗೇ ಗಟ್ಟಿಯಾಗಿ ಕೂತ್ಬಿಟ್ರೆ ಅಂತ ಭಯ. ಲ್ಯಾಕ್ಟುಲೋಸ್ ಸಿರಪ್ (ಮೋಷನ್ ಮೆತ್ತಗೆ ಮಾಡೋ ಔಷಧಿ) ತಗೊಂಡೋರು ಇದೀರಾ, ಹೊಟ್ಟೆ ಉಬ್ಬರ ತುಂಬಾ ಆಗತ್ತಾ?

ರಕ್ತ ಹೋಗೋದು, ವಾಂತಿ, ತೂಕ ಇಳಿಯೋದು ಏನೂ ಇಲ್ಲ, ಇದ್ದಿದ್ರೆ ಇಲ್ಲಿ ಕೇಳ್ತಾ ಕೂರ್ತಿರ್ಲಿಲ್ಲ. ಮುಂದಿನ ವಾರ ಡಾಕ್ಟ್ರ ಹತ್ರ ಹೋಗ್ತಿದೀವಿ, ಅವ್ರನ್ನ ಏನೇನು ಕೇಳ್ಬೇಕು ಅಂತಾನೂ ಹೇಳಿ. ಮನೇಲೇ ಎನಿಮಾ ಕೊಡಿ ಅನ್ನೋರು ದಯವಿಟ್ಟು ಬೇಡ, ಅಮ್ಮ ಒಪ್ಪಲ್ಲ.